ಅವಳದೊಂದು ಒಳ್ಳೇ ಫೋಟೋ

ಕೌಂಟರಿನ ಗಾಜಿನ ಮೇಲೆ ತನ್ನ ಉದ್ದನೆಯ ಲೆನ್ಸನ್ನು ಇಟ್ಟ ಮೇಲೂ ಅವನು ಅದರ ಮೇಲಿನ ಕೈ ತೆಗೆದಿರಲಿಲ್ಲ.

“ಇದನ್ನ ನೀವು ಇಟ್ಕೊಳ್ಳಿ. ಬದಲಿಗೆ ಮುಖ ತೆಗೆಯೋ ಲೆನ್ಸ್ ಒಂದು ಕೊಡಿ,” ಅಂದ.

ಕ್ಯಾಮೆರಾ ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಲೆನ್ಸನ್ನೊಮ್ಮೆ, ಅವನನ್ನೊಮ್ಮೆ ನೋಡಿದ. “ಏನ್ ಸಾರ್ ಇದು, ಹಕ್ಕಿಗಳ ಜೊತೆ ಟೂ ಬಿಟ್ರಾ?”

ಅವನು ನಗಲಿಲ್ಲ. ಈ ಲೆನ್ಸನ್ನು ಆರಿಸುವಾಗ ಅವನು ಪಟ್ಟ ಪಾಡು ಅಂಗಡಿಯವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಶನಿವಾರ ಬಂದು, ಇದೇ ಬಾಗಿಲಲ್ಲಿ ನಿಂತು, ಎದುರು ಕಟ್ಟಡದ ತಾರಸಿಯ ಪಾರಿವಾಳಗಳಿಗೆ ಗುರಿಯಿಟ್ಟು, ತೂಕ ನೋಡಿ, ಉಂಗುರ ತಿರುಗಿಸಿ, “ಯೋಚನೆ ಮಾಡಿ ಹೇಳ್ತೀನಿ” ಅಂತ ಹೋಗಿ ಮತ್ತೆ ಬಂದಿದ್ದ. ಮದುವೆಗೆ ಒಪ್ಪಿಕೊಳ್ಳುವಾಗಲೂ ಈ ಮಹಾರಾಯ ಅಷ್ಟು ಯೋಚಿಸಿರಲಿಲ್ಲ. ಕೊನೆಗೆ ಮನೆಗೆ ಒಯ್ದ ದಿನ ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದ. ಹೆಂಡತಿ ಗೋಡೆಗೆ ಒತ್ತಿಕೊಂಡು ಅದಕ್ಕೆ ಜಾಗ ಮಾಡಿಕೊಟ್ಟಿದ್ದಳು.

“ಯಾರ ಮುಖ ಸಾರ್? ಯಾವುದಾದ್ರೂ ಮದುವೆ ಫೋಟೋ ಕೆಲಸ ಒಪ್ಕೊಂಡ್ರಾ?”

“ನನ್ನ ಹೆಂಡ್ತಿದು.”

“ಓಹೋ, ಕೊನೆಗೂ!” ಅಂಗಡಿಯವನಿಗೆ ಹುರುಪು ಬಂತು. ಕಪಾಟಿನಿಂದ ಎರಡು ಡಬ್ಬಿ ಇಳಿಸಿದ. “ಇದು ನೋಡಿ, ಇದರ ಬಾಯಿ ಎಷ್ಟು ಅಗಲ ಅಂತ. ಪೂರ್ತಿ ತೆರೆದು ತೆಗೆದ್ರೆ ಹಿಂದಿರೋ ಗೋಡೆ, ಕಿಟಕಿ, ಒಣಹಾಕಿದ ಬಟ್ಟೆ ಎಲ್ಲಾ ಕರಗಿಹೋಗುತ್ತೆ, ಮುಖ ಒಂದೇ ಎದ್ದು ಬರುತ್ತೆ. ಆದ್ರೆ ಸ್ವಲ್ಪ ಮೊಂಡು, ಎಲ್ಲರ ಮಾತೂ ಕೇಳಲ್ಲ. ಇನ್ನೊಂದು ಸಾಧು. ಯಾವುದಾದ್ರೂ ಸರಿ, ಒಂದು ತಿಂಗಳು ಆಡಿಸಿ ನೋಡಿ, ಕೈ ಪಳಗುತ್ತೆ.”

“ತಿಂಗಳೆಲ್ಲಿದೆ ನನ್ನ ಹತ್ರ?” ಅವನು ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದ. “ಮುಂದಿನ ವಾರ ಅವಳಿಗೆ ಆಪರೇಷನ್. ಎಡಗಡೆ ದವಡೆ ತೆಗೀತಾರೆ. ಮುಖ ಮೊದಲಿನ ಹಾಗಿರಲ್ಲ ಅಂದಿದ್ದಾರೆ. ಅದಕ್ಕೆ ಮುಂಚೆ ಒಂದು ಒಳ್ಳೇ ಫೋಟೋ ತೆಗೀರಿ ಅಂತ ಕೇಳಿದಾಳೆ.”

ಅಂಗಡಿಯವನು ಮತ್ತೆ ಲೆನ್ಸುಗಳ ಗುಣಗಾನ ಮಾಡಲಿಲ್ಲ. ಅಗಲ ಬಾಯಿಯದನ್ನೇ ಮೆತ್ತನೆ ಬಟ್ಟೆಯಿಂದ ಒರೆಸಿ, ಕ್ಯಾಮೆರಾಕ್ಕೆ ತಾನೇ ಕೂರಿಸಿ, “ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ, ಮೊದಲು ಹೋಗಿ ತೆಗೀರಿ ಸಾರ್,” ಅಂತ ಬಾಗಿಲವರೆಗೂ ಬಂದ.

ಲಿಫ್ಟ್ ರಿಪೇರಿ ಅವನ ಕೆಲಸ. ವಾರವಿಡೀ ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಕೋಣೆಗಳಲ್ಲಿ ಗ್ರೀಸು, ಮೋಟಾರು, ಉಕ್ಕಿನ ಹಗ್ಗಗಳ ಜೊತೆ ಗುದ್ದಾಡುವವನು ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಕೆರೆಯ ಕಡೆ ಹೊರಟುಬಿಡುತ್ತಿದ್ದ. ಅಲ್ಲಿ ಅವನಂಥ ಹುಚ್ಚರದೇ ಒಂದು ಗುಂಪಿತ್ತು. ಹೆಂಡತಿಯೂ ಜೊತೆಗೆ ಹೋಗುತ್ತಿದ್ದಳು. ಹಕ್ಕಿಯ ಮೇಲೆ ಅವಳಿಗೇನೂ ಅಂಥ ಪ್ರೀತಿ ಇರಲಿಲ್ಲ. ಆದರೆ ವಾರದಲ್ಲಿ ಗಂಡನ ಪಕ್ಕ ಕೂರಲು ಸಿಗುತ್ತಿದ್ದ ಸಮಯ ಅದೊಂದೇ. ಅವನು ಪೊದೆಯೊಳಗೆ ಉಸಿರು ಬಿಗಿಹಿಡಿದು ಕೂತರೆ ಇವಳು ಹಿಂದೆ ಕೊಡೆ ಹಿಡಿದು ಕೂರುತ್ತಿದ್ದಳು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಿದ್ದಳು, ಅಡ್ಡ ಬಂದ ರೆಂಬೆಯನ್ನು ಎಳೆದು ಹಿಡಿಯುತ್ತಿದ್ದಳು.

ಮಿಕ್ಕ ದಿನಗಳಲ್ಲಿ ಅವಳು ಮನೆಯಲ್ಲೇ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ತುಟಿಯ ಮೂಲೆಯಲ್ಲಿ ಸದಾ ಗುಂಡುಪಿನ್ನುಗಳು. ಪಿನ್ನು ಕಚ್ಚಿಕೊಂಡೇ ಮಾತಾಡುವುದು, ಪಿನ್ನು ಕಚ್ಚಿಕೊಂಡೇ ಬೈಯುವುದು. ಒಂದೂ ಬೀಳುತ್ತಿರಲಿಲ್ಲ. ಒಂದು ಪಿನ್ನು ಒಳಗೆ ಚುಚ್ಚಿ ಹುಣ್ಣಾಗಿದೆ ಅಂತಲೇ ಅವಳು ಮೊದಮೊದಲು ತಿಳಿದಿದ್ದಳು. ಹುಣ್ಣು ವಾಸಿಯಾಗಲಿಲ್ಲ. ತಂಬಾಕು ಮುಟ್ಟದವರಿಗೂ ಒಮ್ಮೊಮ್ಮೆ ಹೀಗೆ ಬರುತ್ತೆ, ಕಾರಣ ಹೇಳೋಕಾಗಲ್ಲ ಅಂದರು ಡಾಕ್ಟರು. ಗಡ್ಡೆ ಮೂಳೆಗೆ ಇಳಿದಿತ್ತು.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಹೊರಗೇ ನೋಡುತ್ತಿದ್ದಳು. ಆಮೇಲೆ, “ರೀ, ನಂದೊಂದು ಒಳ್ಳೇ ಫೋಟೋ ತೆಗೀರಿ. ಅವರು ಕೈ ಹಾಕೋಕೆ ಮುಂಚೆ,” ಅಂದಳು.

“ಅದಕ್ಕೇನಂತೆ, ಇರೋದ್ರಲ್ಲೇ ಚೆನ್ನಾಗಿರೋದು ಎಷ್ಟೋ ಇರುತ್ತೆ ತಡಿ.”

“ಇದೆಯಾ?” ಅಂತ ಅವಳು ತಿರುಗಿ ನೋಡಿದಳು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. “ಆಮೇಲೆ ಹೇಗೇ ಆಗ್ಲಿ, ಹೀಗಿದ್ದೆ ಅಂತ ನೋಡ್ಕೊಳ್ಳೋಕೆ ನಂಗೊಂದು ಬೇಕು.”

ಮನೆಗೆ ಬಂದವನೇ ಅವನು ಲ್ಯಾಪ್‌ಟಾಪ್ ಮುಂದೆ ಕೂತ. ವರ್ಷಗಟ್ಟಲೆಯ ಭಾನುವಾರಗಳು ಅದರಲ್ಲಿದ್ದವು. ಮಿಂಚುಳ್ಳಿ ಮೀನು ಹಿಡಿದದ್ದು, ಮಿಂಚುಳ್ಳಿ ಮೀನು ಬಿಟ್ಟದ್ದು, ಕೊಕ್ಕರೆ ಒಂಟಿಕಾಲಲ್ಲಿ, ಕೊಕ್ಕರೆ ಎರಡೂ ಕಾಲಲ್ಲಿ, ಹುಲ್ಲಿನ ತುದಿಯ ಹನಿ. ಹೆಂಡತಿ ಎಲ್ಲೂ ಇರಲಿಲ್ಲ. ಇದ್ದಳು, ಇಲ್ಲ ಅಂತಲ್ಲ. ಒಂದರಲ್ಲಿ ರೆಂಬೆ ಎಳೆದು ಹಿಡಿದ ಅವಳ ಬೆರಳುಗಳಿದ್ದವು. ಇನ್ನೊಂದರಲ್ಲಿ ಹೂವಿನ ಹಿಂದೆ ಮಸುಕು ಮಸುಕಾಗಿ ನೀಲಿ ಬಣ್ಣವೊಂದು ಕಂಡಿತು, ಅದು ಅವಳ ಸೀರೆ. ಮತ್ತೊಂದರಲ್ಲಿ ಬೆಳಕು ತಿರುಗಿಸಲು ಬಿಳಿ ಥರ್ಮೊಕೋಲ್ ಹಿಡಿದವಳ ಮೊಣಕೈ. ಮದುವೆಯ ಆಲ್ಬಮ್ಮಿನಲ್ಲಿದ್ದ ಪುಟ್ಟ ಹುಡುಗಿಗೂ ಈಗಿನ ಇವಳಿಗೂ ಸಂಬಂಧವೇ ಇರಲಿಲ್ಲ. ಮೊಬೈಲಿನಲ್ಲಿ ನೋಡಿದರೆ, ಮನೆಯವರೆಲ್ಲ ಸೇರಿದಾಗ ಎಲ್ಲರ ಫೋಟೋ ತೆಗೆದವಳೇ ಅವಳು. ಇಷ್ಟು ವರ್ಷ ಫೋಟೋ ತೆಗೆದ ಈ ಗಂಡಸು ಕಟ್ಟಿಕೊಂಡ ಹೆಂಡತಿಯ ಮುಖಕ್ಕೆ ಒಂದು ಸಲವೂ ಸರಿಯಾಗಿ ಗುರಿಯಿಟ್ಟಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಉದ್ದದ ಲೆನ್ಸನ್ನು ಅಂಗಡಿಗೆ ಒಯ್ದದ್ದು ಮಾರನೇ ದಿನವೇ.

ಹೊಸ ಲೆನ್ಸು ನಿಜಕ್ಕೂ ಮೊಂಡು. ಕಿಟಕಿಯ ಪಕ್ಕ ಸ್ಟೂಲ್ ಹಾಕಿ ಅವಳನ್ನು ಕೂರಿಸಿ ತೆಗೆದ. ಒಂದು ಕಣ್ಣಿನ ರೆಪ್ಪೆಗೂದಲು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಬಂತು, ಇನ್ನೊಂದು ಕಣ್ಣು ಹೊಗೆಯೊಳಗೆ ಹೋಯಿತು. ಸ್ವಲ್ಪ ಹಿಂದೆ ಸರಿದು ತೆಗೆದರೆ ಮೂಗಿನ ತುದಿ ಸ್ಪಷ್ಟ, ಎರಡು ಕಣ್ಣೂ ಇಲ್ಲ. ದಿನಾ ಸಂಜೆ ಬೆಳಕು ಹಳದಿಗೆ ತಿರುಗುವ ಹೊತ್ತಿಗೆ ಕೆಲಸ ಬಿಟ್ಟು ಓಡಿಬರುತ್ತಿದ್ದ, ದಿನಾ ತೆಗೆಯುತ್ತಿದ್ದ. ಆಮೇಲೆ ಕ್ಯಾಮೆರಾದಿಂದ ಮೆಮೊರಿ ಕಾರ್ಡು ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಂದೊಂದನ್ನೂ ದೊಡ್ಡದು ಮಾಡಿ, ರೆಪ್ಪೆ ನೋಡಿ, ಅಳಿಸುತ್ತಿದ್ದ. ಹಕ್ಕಿಗಳ ವಿಷಯದಲ್ಲಿ ಅವನನ್ನು ಸುಧಾರಿಸಿದ್ದೇ ಈ ಅಭ್ಯಾಸ. ರೆಪ್ಪೆ ಸರಿಬಂದ ಒಂದೆರಡರಲ್ಲಿ ಮುಖ ಗುರುತಿನ ಚೀಟಿಗೆ ಕೂತವಳ ಹಾಗಿತ್ತು. ಇದು ಇವಳಲ್ಲ ಅಂತ ಅವನಿಗೂ ಗೊತ್ತಾಗುತ್ತಿತ್ತು, ಅವನ್ನೂ ಅಳಿಸುತ್ತಿದ್ದ. ಹಾಗಾದರೆ ಇವಳು ಹೇಗಿದ್ದಾಳೆ ಅಂದರೆ ಹೇಳಲು ಬರುತ್ತಿರಲಿಲ್ಲ.

“ಗಲ್ಲ ಸ್ವಲ್ಪ ಎತ್ತು. ಅಷ್ಟಲ್ಲ. ಬಲಕ್ಕೆ. ಅಯ್ಯೋ, ಭುಜ ಯಾಕೆ ತಿರುಗಿಸಿದೆ? ಸ್ವಲ್ಪ ನಗು.”

“ಹಕ್ಕಿಗಳಿಗೂ ಹೀಗೇ ಹೇಳ್ತಿದ್ರಾ, ಗಲ್ಲ ಎತ್ತು, ನಗು ಅಂತ?”

“ಮಾತಾಡ್ಬೇಡ, ಅಲ್ಲಾಡುತ್ತೆ.”

ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. “ಮಾತಾಡ್ತೀನಿ ರೀ! ಇನ್ನೆಷ್ಟು ದಿನ ಮಾತಾಡೋಕಿದೆ ನಂಗೆ? ಒತ್ತೋದು, ಬಗ್ಗಿ ಆ ಪರದೆ ನೋಡೋದು, ಒತ್ತೋದು, ಪರದೆ ನೋಡೋದು. ನಾನಿಲ್ಲಿ ಪರೀಕ್ಷೆ ಬರೆದು ಮಾರ್ಕ್ಸಿಗೆ ಕಾಯೋ ಹುಡುಗಿ ಥರ ಕೂತಿದೀನಿ. ನೋವಾಗುತ್ತೆ ನಂಗೆ. ಕೂತ್ರೆ ನೋವು, ನಕ್ಕರೆ ನೋವು. ಗೊತ್ತಾ ನಿಮ್ಗೆ?”

ಅವನು ಕ್ಯಾಮೆರಾ ಕೆಳಗಿಟ್ಟು ಸ್ಟೂಲನ್ನು ಎತ್ತಿ ಮೂಲೆಗಿಟ್ಟ. ಆಸ್ಪತ್ರೆ ಸೇರುವ ದಿನ ಹತ್ತಿರ ಬಂದಿತ್ತು, ಕೈಯಲ್ಲಿ ಒಂದೂ ಫೋಟೋ ಇರಲಿಲ್ಲ. ರಾತ್ರಿ ಅವಳು ಮಲಗಿದ ಮೇಲೆ, ಅವಳು ಬೈದದ್ದನ್ನೇ ಸರಿಮಾಡಿದ. ಒತ್ತಿದ ಮೇಲೆ ಫೋಟೋ ಪರದೆಗೆ ಬರುವುದನ್ನೇ ಕ್ಯಾಮೆರಾದಲ್ಲಿ ನಿಲ್ಲಿಸಿಬಿಟ್ಟ. ಪರದೆಯನ್ನು ಮಡಚಿ ಗೋಡೆಗೆ ತಿರುಗಿಸಿದ ಹಾಗೆ ಒಳಮುಖ ಮಾಡಿದ. ಗುಂಪಿನ ಹಿರಿಯರೂ ಇದನ್ನೇ ಹೇಳುತ್ತಿದ್ದರು, ಕಾಳು ಹೆಕ್ಕೋ ಕೋಳಿ ಥರ ಪದೇಪದೇ ಬಗ್ಗಿ ನೋಡಬೇಡಿ, ಎದುರಿಗಿರೋದನ್ನ ನೋಡಿ ಅಂತ. ಬುದ್ಧಿ ಬರಲು ಇಷ್ಟು ದಿನ ಬೇಕಾಯಿತು. ಆದರೂ ಹಳೇ ಚಾಳಿ ಬಿಡಬೇಕಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹಿಂದಿನ ದಿನದ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ಇನ್ನೊಮ್ಮೆ ನೋಡಿ, “ಥೂ” ಅಂದು, ಎಲ್ಲವನ್ನೂ ಅಳಿಸಿ, ಪಟ್ಟನೆ ಮುಚ್ಚಿ ಎದ್ದುಹೋದ.

ಆವತ್ತೇ ಅವಳ ಅಕ್ಕ ಬಂದಳು, ಮಾರನೇ ದಿನ ಆಸ್ಪತ್ರೆಗೆ ಹೊರಡಬೇಕಿತ್ತು. ಅಕ್ಕ ಬಂದರೆ ಮನೆಯೊಳಗೆ ನಾಲ್ಕು ಜನ ಬಂದ ಹಾಗೆ. ಅವಳಿಗೆ ಅಳಲು ಬರುವುದಿಲ್ಲವೆಂದಲ್ಲ. ಬಾಗಿಲಲ್ಲೇ ತಂಗಿಯನ್ನು ತಬ್ಬಿಕೊಂಡು ಒಂದು ಸುತ್ತು ಅತ್ತು ಮುಗಿಸಿ, ಮೂಗು ಒರೆಸಿಕೊಂಡು, “ಸರಿ, ಅದಾಯ್ತು, ಚಹಾ ಇದೆಯೇನೇ?” ಅಂದಳು. ಇಬ್ಬರೂ ಕಿಟಕಿಯ ಹತ್ತಿರ ನೆಲದ ಮೇಲೆ, ಹೊಲಿಗೆ ಯಂತ್ರಕ್ಕೆ ಒರಗಿ ಕೂತರು. ಅವನು ಬಂದದ್ದನ್ನೂ, ಚಪ್ಪಲಿ ಬಿಟ್ಟದ್ದನ್ನೂ, ಕ್ಯಾಮೆರಾ ಎತ್ತಿಕೊಂಡು ಬಾಗಿಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತದ್ದನ್ನೂ ಅವರು ಗಮನಿಸಲಿಲ್ಲ. ಗಮನಿಸಿದರೂ ಕ್ಯಾರೆ ಅನ್ನಲಿಲ್ಲ.

“ನೆನಪಿದೆಯೇನೇ, ಡ್ರಿಲ್ ಮೇಷ್ಟ್ರ ಪ್ಯಾಂಟು?” ಅಂದಳು ಅಕ್ಕ.

“ಬೇಡ ಅಕ್ಕ, ನಗಿಸ್ಬೇಡ, ನೋಯುತ್ತೆ.”

“ನೀನು ಹೊಲಿಗೆ ಕಲಿತ ಹೊಸತು. ಮೇಷ್ಟ್ರ ಪ್ಯಾಂಟಿಗೆ ಜಿಪ್ಪು ಹಿಂದುಗಡೆ ಇಟ್ಟುಬಿಟ್ಟಿದ್ದೆ! ಪಾಪ, ಆ ಮನುಷ್ಯ ಪ್ಯಾಂಟು ಹಿಡ್ಕೊಂಡು ಬಾಗಿಲಿಗೆ ಬಂದ್ರೆ, ನೀನು ಬಾಯಿ ತುಂಬಾ ಪಿನ್ನು ಇಟ್ಕೊಂಡು ಏನಂದೆ ಹೇಳು. ‘ತಿರುಗಿಸಿ ಹಾಕ್ಕೊಳ್ಳಿ ಸಾರ್, ಆಗ ಮುಂದೆ ಬರುತ್ತೆ!’”

“ಅವರು ಒಳಗೆ ಹೋಗಿ ಹಾಕ್ಕೊಂಡೇ ಬಂದ್ರಲ್ಲ ಅಕ್ಕ!”

“ಹಾಕ್ಕೊಂಡ್ರು, ಕೂರೋಕಾಗ್ಲಿಲ್ಲ!”

ಅವಳು ನಕ್ಕಳು. ಎಡಗೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು, ಅಯ್ಯಮ್ಮಾ ಅಯ್ಯಮ್ಮಾ ಅನ್ನುತ್ತಾ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಕೈ ತೆಗೆದು ತಲೆಯನ್ನು ಯಂತ್ರಕ್ಕೆ ಒರಗಿಸಿ ಸುಧಾರಿಸಿಕೊಂಡಳು. ಕಿಟಕಿಯ ಬೆಳಕು ನೇರವಾಗಿ ಮುಖದ ಮೇಲಿತ್ತು. ಅವನು ಒತ್ತಿದ. ಒತ್ತುತ್ತಲೇ ಹೋದ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಫೋಕಸ್ ತೋರಿಸುವ ಹಸಿರು ಚೌಕ ಅವಳ ಕಣ್ಣಿಗೆ ಅಂಟಿಕೊಂಡದ್ದು ಬಿಡಲೇ ಇಲ್ಲ. ಸಿಕ್ಕಿತು, ಸಿಕ್ಕಿತು ಅಂತ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಬಗ್ಗಿ ನೋಡಲಿಲ್ಲ. ಆ ಒಂದು ಸಂಜೆ ಅವನು ಎಲ್ಲವನ್ನೂ ಸರಿಯಾಗಿ ಮಾಡಿದ.

ಅಕ್ಕ ಹೊರಟುಹೋದಳು, ದೀಪ ಹಾಕಿದ್ದಾಯಿತು. ಅವನು ಲ್ಯಾಪ್‌ಟಾಪ್ ತೆರೆದು ಕಾರ್ಡು ತೆಗೆಯಲು ಕ್ಯಾಮೆರಾದ ಪುಟ್ಟ ಬಾಗಿಲು ಸರಿಸಿದ. ಒಳಗೆ ಏನೂ ಇರಲಿಲ್ಲ. ಬೆರಳು ಹಾಕಿ ನೋಡಿದ. ಆಮೇಲೆ ಲ್ಯಾಪ್‌ಟಾಪಿನ ಪಕ್ಕೆಗೆ ಕಣ್ಣು ಹೋಯಿತು. ಕಾರ್ಡು ಅಲ್ಲೇ ಇತ್ತು, ಬೆಳಿಗ್ಗೆ ಸಿಕ್ಕಿಸಿದ್ದು ಹಾಗೇ.

ಅಂಗಡಿಯಲ್ಲಿ ಗಿರಾಕಿಗಳು ಒತ್ತಿ ನೋಡಲಿ ಅಂತ ಈ ಕ್ಯಾಮೆರಾಗಳಿಗೆ ಕಾರ್ಡು ಇಲ್ಲದಿದ್ದರೂ ಒತ್ತಿಸಿಕೊಳ್ಳುವ ಸೌಕರ್ಯ ಕೊಟ್ಟಿರುತ್ತಾರೆ. ಮೂಲೆಯಲ್ಲೆಲ್ಲೋ ಪುಟ್ಟ ಅಕ್ಷರಗಳು ಮಿಟುಕುತ್ತವೆ, ಅಷ್ಟೆ. ಹಸಿರು ಚೌಕಕ್ಕೆ ಕಣ್ಣು ನೆಟ್ಟವನಿಗೆ ಅದೆಲ್ಲಿ ಕಾಣಬೇಕು? ಭಾನುವಾರದ ಗುಂಪಿನಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಹೀಗೆ ಖಾಲಿ ಬಂದೂಕು ಹಾರಿಸಿದವರೇ. ಸಿಕ್ಕಿಬಿದ್ದವನನ್ನು ಇಡೀ ದಿನ ಗೋಳು ಹೊಯ್ದುಕೊಳ್ಳುತ್ತಿದ್ದರು. ನನ್ನಿಂದ ಮಾತ್ರ ಆ ತಪ್ಪು ಆಗಿಲ್ಲ ಅಂತ ಇವನು ಮೀಸೆ ತಿರುವುತ್ತಿದ್ದ. ಈಗ ಆ ಪುಟ್ಟ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಾ ಕೂತ.

“ಬಂತಾ ರೀ?” ಅವಳು ಅಡುಗೆಮನೆಯಿಂದ ಕೇಳಿದಳು.

ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಬೈಯುತ್ತಿದ್ದಳು, ಬೈದು ಮುಗಿಸಿ ದೀಪದ ಬೆಳಕಿನಲ್ಲಾದರೂ ಕೂರುತ್ತಿದ್ದಳೋ ಏನೋ. ಆದರೆ ಅವಳು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಿದ್ದಳು. ಆ ವಾರವೆಲ್ಲ ಕಾಣದಿದ್ದ ಒಂದು ಗೆಲುವು ಮುಖದಲ್ಲಿತ್ತು.

“ಬಂತು,” ಅಂದ.

“ನಾನು ನನ್ ಥರಾನೇ ಇದೀನಾ?”

“ಹ್ಞೂಂ. ಅಪ್ಪಟ ನೀನೇ.”

“ಹಾಗಿದ್ರೆ ಈಗ ತೋರಿಸ್ಬೇಡಿ,” ಅಂದಳು. “ಅಲ್ಲಿ ಮಲಗಿದಾಗ ಕಾಯೋಕೆ ಏನಾದ್ರೂ ಒಂದು ಬೇಕಲ್ಲ. ಆಮೇಲೆ ದೊಡ್ಡದು ಮಾಡಿಸಿ ತಗೊಂಬನ್ನಿ.”

ಮಾರನೇ ಬೆಳಿಗ್ಗೆ ಅವನು ಕಾರ್ಡು ಹಾಕಿದ, ಹಾಕಿದ್ದೇನೆಯೇ ಅಂತ ಮತ್ತೆ ಮತ್ತೆ ನೋಡಿದ. ಆಸ್ಪತ್ರೆಯಲ್ಲಿ ಅವಳಿಗೆ ಹಿಂದಕ್ಕೆ ಕಟ್ಟುವ ಹಸಿರು ಅಂಗಿ ಹಾಕಿಸಿ, ಕೂದಲನ್ನೆಲ್ಲ ಟೋಪಿಯೊಳಗೆ ಸೇರಿಸಿ ಕೂರಿಸಿದ್ದರು. ಭಯಕ್ಕೆ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಚೀಲದಿಂದ ಕ್ಯಾಮೆರಾ ತೆಗೆದ.

“ಅಯ್ಯೋ, ಬಿಡ್ರೀ. ಇವತ್ತಿನ ಮುಖ ಬೇಡ. ನಿನ್ನೇದೇ ಇದೆಯಲ್ಲ, ಅದೊಂದು ಸಾಕು.”

“ಒಂದೇ ಒಂದು ಕಣೇ. ನನಗೋಸ್ಕರ.”

“ಬೇಡ ಅಂದೆನಲ್ಲ. ಕೈ ಹಿಡ್ಕೊಳ್ಳಿ ಸುಮ್ನೆ.”

ಒತ್ತಾಯ ಮಾಡಿದರೆ ಗೊತ್ತಾಗಿಬಿಡುತ್ತದೆ. ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೈ ಹಿಡಿದ. ಅವಳ ಬೆರಳು ಮಂಜಿನ ಹಾಗಿದ್ದವು. ತಳ್ಳುವ ಮಂಚ ಬಂತು. ಲಿಫ್ಟಿನೊಳಗೆ ಅವಳನ್ನು ತಳ್ಳುವಾಗ ತಡೆಯಲಾಗದೆ ಹಿಂದಿನಿಂದ ಕ್ಯಾಮೆರಾ ಎತ್ತಿ ಒತ್ತಿದ. ಬಂದದ್ದು ಆಸ್ಪತ್ರೆ ಆಳಿನ ಬೆನ್ನು ಮತ್ತು ಹಸಿರು ಟೋಪಿಯ ಒಂದು ಚೂರು. ಲಿಫ್ಟಿನ ಬಾಗಿಲು ಮುಚ್ಚುವಾಗ ಕಿರ್ ಅಂತ ತಡೆದು ಮುಚ್ಚಿತು. ಕೆಳಗಿನ ಹಳಿಯಲ್ಲಿ ಕಸ ಸಿಕ್ಕಿದೆ, ಚಕ್ರ ಸವೆದಿದೆ, ಒಂದು ಗಂಟೆಯ ಕೆಲಸ. ಅದೊಂದನ್ನು ಬಿಟ್ಟರೆ ಇಡೀ ಆಸ್ಪತ್ರೆಯಲ್ಲಿ ಅವನ ಕೈಯಲ್ಲಿ ಆಗುವಂಥದ್ದು ಏನೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಕ್ಕ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾ ಕೂತಿದ್ದಳು. ಅವನು ಮೆಟ್ಟಿಲ ಹತ್ತಿರ ಹೋಗಿ ಕ್ಯಾಮೆರಾ ಅಂಗಡಿಗೆ ಫೋನ್ ಮಾಡಿದ.

“ಒಂದು ವಿಷ್ಯ ಕೇಳ್ಬೇಕಿತ್ತು. ಕಾರ್ಡ್ ಇಲ್ದೆ ತೆಗೆದ ಫೋಟೋ ಕ್ಯಾಮೆರಾದ ಒಳಗೆ ಎಲ್ಲಾದ್ರೂ ಉಳ್ಕೊಂಡಿರುತ್ತಾ? ಬಿಚ್ಚಿಸಿ, ಯಾರಾದ್ರೂ ತಿಳಿದೋರ ಹತ್ರ...”

ಅಂಗಡಿಯವನು ಹೋಹೋ ಅಂತ ನಕ್ಕ. “ಯಾರು ಸಾರ್ ಆ ಪುಣ್ಯಾತ್ಮ? ಕರ್ಕೊಂಬನ್ನಿ, ಹಾರ ಹಾಕೋಣ!” ಈ ಕಡೆಯಿಂದ ಮಾತು ಬರಲಿಲ್ಲ. ನಗು ನಡುವೆಯೇ ನಿಂತಿತು. “ಸಾರ್... ಅಮ್ಮಾವ್ರ ಫೋಟೋನಾ?”

“ಉಳಿದಿರುತ್ತಾ ಹೇಳಿ.”

“ಇಲ್ಲ ಸಾರ್,” ಅಂದ ಅಂಗಡಿಯವನು. “ಎಲ್ಲೂ ಇರಲ್ಲ.”

ಅಕ್ಕನ ಹತ್ತಿರ ಬಂದು ಕೂತ. ನಿನ್ನೆ ಅವಳೇನಾದರೂ ಮೊಬೈಲಿನಲ್ಲಿ ತೆಗೆದಿದ್ದಾಳೆಯೇ ಅಂತ ಕೇಳಿದ. “ನೀವೇ ಅಷ್ಟು ತೆಗೀತಿದ್ರಲ್ಲ, ನಾನ್ಯಾಕೆ ಮುಟ್ಲಿ?” ಅಂದ ಅಕ್ಕ ಅವನ ಮುಖ ನೋಡಿ ಸುಮ್ಮನಾದಳು. ಅವನು ಹೇಳಿದ. ಬೇರೆ ಯಾರಿಗೂ ಹೇಳುವ ಧೈರ್ಯ ಇರಲಿಲ್ಲ. ಅಕ್ಕ ಹಣೆ ಹಣೆ ಚಚ್ಚಿಕೊಂಡಳು.

“ಹೋಗ್ಲಿ, ನಿಮಗಾದ್ರೂ ಕಣ್ಣಿಗೆ ಕಟ್ಟಿದೆಯಲ್ಲ. ಎಷ್ಟು ಚೆನ್ನಾಗಿ ನಕ್ಕಳು ಅವಳು,” ಅಂದಳು ಆಮೇಲೆ.

ಅವನು ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದ. ಹಸಿರು ಚೌಕ ಬಂತು. ಚೌಕದ ಕೆಳಗಿನ ಅಂಕಿಗಳು ಬಂದವು. ಬೆಳಕು ಸ್ವಲ್ಪ ಹೆಚ್ಚಾಯಿತು ಅಂತ ಬೆರಳಿನಿಂದ ಚಕ್ರ ತಿರುಗಿಸಿದ್ದು ನೆನಪಿಗೆ ಬಂತು. ನಗು ಕಿವಿಯಲ್ಲಿ ಕೇಳುತ್ತಿತ್ತು, ಮುಖ ಮಾತ್ರ ಬರಲಿಲ್ಲ. ಬೆಂಚಿನ ತುದಿಯನ್ನು ಹಿಡಿದುಕೊಂಡು, ಗಂಡಸು ಅನ್ನುವ ನಾಚಿಕೆಯನ್ನೂ ಬಿಟ್ಟು, ಹೋಗಿಬರುವವರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ.

ಆಪರೇಷನ್ ಚೆನ್ನಾಗಿ ಆಯಿತು ಅಂದರು. ವಾರ್ಡಿಗೆ ತಂದಾಗ ಅವಳ ಮೂಗಿನಲ್ಲೊಂದು ನಳಿಕೆ, ಕತ್ತಿನಲ್ಲೊಂದು ನಳಿಕೆ, ಮುಖದ ಅರ್ಧಕ್ಕೆ ಬ್ಯಾಂಡೇಜು. ಉಳಿದರ್ಧ ಊದಿಕೊಂಡಿತ್ತು. ಮಾತು ಇಲ್ಲ. ಕಣ್ಣು ಬಿಟ್ಟು ಗಂಡನನ್ನು ಗುರುತಿಸಿದವಳು ಮಾಡಿದ ಮೊದಲ ಕೆಲಸ, ಸೂಜಿ ಚುಚ್ಚಿದ ಕೈಯನ್ನೇ ಎತ್ತಿ, ತೋರುಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿದ್ದು. ಫೋಟೋ.

“ದೊಡ್ಡದು ಮಾಡೋಕೆ ಕೊಟ್ಟಿದೀನಿ,” ಅಂದ. “ಕೆಲಸ ಜಾಸ್ತಿ ಅಂತೆ, ತಡ ಆಗುತ್ತೆ.”

ಮರುದಿನವೂ ಬೆರಳು ಒತ್ತಿತು. ಪೇಪರ್ ಬಂದಿಲ್ಲವಂತೆ ಅಂದ. ಅದರ ಮರುದಿನ ಬಣ್ಣ ಸರಿ ಬಂದಿರಲಿಲ್ಲ, ವಾಪಸು ಕಳಿಸಿದೆ ಅಂದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟಿ ಕಟ್ಟಿ ಅವನು ವಾರ್ಡಿನ ಬಾಗಿಲ ಹೊರಗೇ ನಿಂತು ಆ ದಿನದ ಸುಳ್ಳನ್ನು ಹೊಂದಿಸಿಕೊಂಡು ಒಳಗೆ ಹೋಗುತ್ತಿದ್ದ. ಮಂಪರು ಇಳಿದು, ನೋವಿನ ಮದ್ದು ಕಡಿಮೆಯಾದಂತೆ ಅವಳು ಅದೊಂದನ್ನೇ ಕಾಯುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಅಕ್ಕ ಅವನನ್ನು ಹೊರಗೆ ಕರೆದು, “ನೀವು ಹೇಳ್ತೀರೋ, ನಾನೇ ಹೇಳ್ಲೋ? ಇನ್ನೂ ಕಾಯಿಸಿದ್ರೆ ಅದು ಕೊಲೆ,” ಅಂದಳು.

ಅವಳು ದಿಂಬಿಗೆ ಒರಗಿ ಕೂತಿದ್ದಳು. ಬರೆದು ತೋರಿಸಲು ಕೊಟ್ಟಿದ್ದ ಮಕ್ಕಳ ಸ್ಲೇಟು ತೊಡೆಯ ಮೇಲಿತ್ತು. ಅವನು ಸ್ಟೂಲ್ ಎಳೆದುಕೊಂಡು ಕೂತ. ತಲೆ ತಗ್ಗಿಸಿಯೇ ಹೇಳಿದ.

“ಫೋಟೋ ಇಲ್ಲ ಕಣೇ. ಆವತ್ತು ಕ್ಯಾಮೆರಾದಲ್ಲಿ ಕಾರ್ಡೇ ಇರ್ಲಿಲ್ಲ. ಲ್ಯಾಪ್‌ಟಾಪಲ್ಲೇ ಬಿಟ್ಟಿದ್ದೆ. ನೋಡ್ಲಿಲ್ಲ ನಾನು. ಬಂತು ಅಂತ ನಿಂಗೆ ಸುಳ್ಳು ಹೇಳ್ದೆ.”

ಸ್ಲೇಟಿನ ಮೇಲೆ ಬಳಪ ಕಿರುಗುಟ್ಟಿತು. ಒಂದೂ?

“ಒಂದೂ ಇಲ್ಲ.”

ಅವಳು ಸ್ಲೇಟು ಎತ್ತಿ ಅವನ ತೋಳಿಗೆ ಹೊಡೆದಳು. ಕೈಯಲ್ಲಿ ಶಕ್ತಿ ಇರಲಿಲ್ಲ, ಆದರೂ ಹೊಡೆದಳು. ಮತ್ತೆ ಹೊಡೆದಳು. ಗಂಟಲಿನ ನಳಿಕೆಯಿಂದ ಗಾಳಿ ಸುಯ್ಯೆಂದು ಬರುತ್ತಿತ್ತು, ಕೂಗು ಬರುತ್ತಿರಲಿಲ್ಲ. ಅವನು ತೋಳು ಹಿಂದೆ ತೆಗೆದುಕೊಳ್ಳಲಿಲ್ಲ. ನರ್ಸ್ ಓಡಿಬಂದು, “ಏನಮ್ಮಾ ಇದು, ಹೊಲಿಗೆ ಬಿಟ್ಕೊಳ್ಳುತ್ತೆ!” ಅಂತ ಗದರಿ ಸ್ಲೇಟು ಕಸಿದುಕೊಂಡಳು. ಹೆಂಡತಿ ಗೋಡೆಯ ಕಡೆ ತಿರುಗಲು ನೋಡಿದಳು. ಆ ಮಗ್ಗುಲಿಗೆ ತಿರುಗಲು ಆಗುತ್ತಿರಲಿಲ್ಲ. ಅವನ ಕಡೆಗೇ ಮುಖ ಇಟ್ಟುಕೊಂಡು ಕಣ್ಣು ಮುಚ್ಚಿದಳು, ಮುಚ್ಚಿದ ಕಣ್ಣಿನಿಂದ ನೀರು ಬ್ಯಾಂಡೇಜಿನೊಳಗೆ ಇಳಿಯುತ್ತಿತ್ತು.

ಆ ದಿನ ಪೂರ್ತಿ ಅವಳು ಅವನನ್ನು ನೋಡಲಿಲ್ಲ. ಅವನು ಎದ್ದೂ ಹೋಗಲಿಲ್ಲ. ಎಲ್ಲಿಗೆ ಹೋಗುವುದು? ಮಾರನೇ ದಿನ ಬ್ಯಾಂಡೇಜು ಬದಲಾಯಿಸಲು ನರ್ಸ್ ಬಂದಾಗ ಅವಳೇ ಸ್ಲೇಟು ಕೇಳಿ ತೆಗೆದುಕೊಂಡು ಒಂದೇ ಪದ ಬರೆದು ನರ್ಸಿಗೆ ತೋರಿಸಿದಳು. ಕನ್ನಡಿ.

“ಇನ್ನೂ ಊತ ಇದೆ ಅಮ್ಮ. ಸ್ವಲ್ಪ ದಿನ ಹೋಗ್ಲಿ, ಆಮೇಲೆ ನೋಡ್ಕೋಬಹುದು.”

ಅವಳು ಸ್ಲೇಟನ್ನು ಕೆಳಗಿಳಿಸಲಿಲ್ಲ. ನರ್ಸ್ ಅವನ ಕಡೆ ನೋಡಿದಳು. “ತೋರಿಸಿ,” ಅಂದ ಅವನು. ಅವನಿಗೆ ಬೇರೆ ಏನು ಹೇಳುವ ಹಕ್ಕಿತ್ತು?

ಡ್ರೆಸ್ಸಿಂಗ್ ಕೋಣೆಯಲ್ಲಿ ಕೈ ತೊಳೆಯುವ ಬೇಸಿನ್ನಿನ ಮೇಲೆ ಒಂದು ಕನ್ನಡಿ ಇತ್ತು. ಅವನು ಅವಳ ಸೊಂಟ ಬಳಸಿ ಹಿಡಿದುಕೊಂಡ. ನರ್ಸ್ ಬ್ಯಾಂಡೇಜು ಸುತ್ತು ಸುತ್ತಾಗಿ ಬಿಚ್ಚಿ, ಕೊನೆಯ ಪದರವನ್ನು ನೀರು ಹಾಕಿ ನೆನೆಸಿ ಮೆಲ್ಲಗೆ ಎತ್ತಿ, ಟ್ರೇ ತೆಗೆದುಕೊಂಡು ಹಿಂದೆ ಸರಿದಳು. ಅವನು ನಲ್ಲಿಯನ್ನು ನೋಡುತ್ತಿದ್ದ. ನಲ್ಲಿಯ ಬುಡಕ್ಕೆ ಸುತ್ತಿದ ಬಿಳಿ ದಾರವನ್ನು, ಬೇಸಿನ್ನಿನ ಬಿರುಕನ್ನು ನೋಡುತ್ತಿದ್ದ.

ಅವಳ ಕೈ ಅವನ ಮಣಿಕಟ್ಟನ್ನು ಹಿಡಿಯಿತು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿಯಿತು.

ಅವನು ತಲೆಯೆತ್ತಿದ. ತುಟಿಯ ಮೂಲೆಯಿಂದ ಕತ್ತಿನವರೆಗೆ ಕಪ್ಪು ದಾರದ ಹೊಲಿಗೆ ಇಳಿದಿತ್ತು. ದವಡೆ ಇದ್ದ ಕಡೆ ಒಳಕ್ಕೆ ಕುಸಿದ ಒಂದು ಇಳಿಜಾರು, ತೊಡೆಯಿಂದ ತಂದು ಹಚ್ಚಿದ ಬೇರೆ ಬಣ್ಣದ ಚರ್ಮ. ಬಾಯಿ ಒಂದು ಕಡೆಗೆ ಜಗ್ಗಿತ್ತು. ಮೇಲೆ ಎರಡು ಕಣ್ಣು. ಆ ಕಣ್ಣು ಕನ್ನಡಿಯಲ್ಲಿದ್ದ ತನ್ನ ಮುಖವನ್ನು ನೋಡುತ್ತಿರಲಿಲ್ಲ. ಅವನ ಮುಖವನ್ನು ನೋಡುತ್ತಿತ್ತು. ಯಾವಾಗಿನಿಂದ ನೋಡುತ್ತಿತ್ತೋ, ಅಲ್ಲಿ ಏನು ಮೂಡುತ್ತದೆ ಅಂತ ರೆಪ್ಪೆ ಕೂಡ ಬಡಿಯದೆ ಕಾಯುತ್ತಿತ್ತು.

ಹಿಂದೆ ನರ್ಸ್, “ಹೊಸ ಬ್ಯಾಂಡೇಜ್ ರೆಡಿ ಇದೆ, ಬನ್ನಿ,” ಅಂದಳು. ಅವನು ಕದಲಲಿಲ್ಲ. ಕನ್ನಡಿಯೊಳಗೆ ಅವಳನ್ನು ನೋಡುತ್ತಾ ನಿಂತ.